ಮೊರಬದ ಗ್ರೌಂಡ್ ಮೇಡಂ

ನಾಗರ ಪಂಚಮಿಯ ದಿನ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಅಮೃತಾ ಮೊರಬದ ತವರುಮನೆಯ ಹಿತ್ತಲಲ್ಲಿ ನಿಂತು ಎಮ್ಮೆಗೆ ಪಾಠ ಮಾಡುತ್ತಿದ್ದಳು. ಮೋಡದೊಳಗೆ ಹೊಕ್ಕ ಪೈಲಟ್ ತನ್ನ ಮೈಯನ್ನು ಏಕೆ ನಂಬಬಾರದು ಎಂಬುದು ಪಾಠದ ವಿಷಯ. ತೋರಿಸುವ ಕೋಲಿನ ಬದಲು ಕೈಯಲ್ಲಿ ಗೋವಿನಜೋಳದ ಹಸಿ ದಂಟು ಇತ್ತು. ಎಮ್ಮೆ ಆ ದಂಟಿನಿಂದ ಕಣ್ಣು ಕೀಳದೆ ನೋಡುತ್ತಿತ್ತು. ಇಷ್ಟು ಗಮನವಿಟ್ಟು ಕೇಳುವವರು ಅಮೃತಾಳಿಗೆ ಈವರೆಗೆ ಸಿಕ್ಕಿರಲಿಲ್ಲ. ಪಾಠ ಮುಗಿಸಿ, ತಾನು ಕೆಲಸ ಮಾಡುವ ತರಬೇತಿ ಕೇಂದ್ರದ ಬೋಧಕರೆಲ್ಲ ಕೇಳುವ ಹಾಗೆ, "ಎನಿ ಕ್ವಶ್ಚನ್ಸ್?" ಎಂದು ದಂಟನ್ನು ಮುಂದೆ ಚಾಚಿದಳು. ಎಮ್ಮೆ ದಂಟನ್ನು ತಿಂದಿತು.

"ಏನ ನಡಿಸೀಯವಾ?" ಬಾಗಿಲಲ್ಲಿ ತಾಯಿ ರೇವವ್ವ ಹಾಲಿನ ಚರಿಗೆ ಹಿಡಿದು ನಿಂತಿದ್ದಳು.

"ಪಾಠ ಮಾಡಾಕತ್ತೀನಿ."

"ಎಮ್ಮಿಗೇನು ವಿಮಾನ ಹಾರಸೂದೈತಿ?"

"ನಿದ್ದಿ ಅಂತೂ ಮಾಡಲಿಲ್ಲ ನೋಡ. ಹೋದ ಸಲ ಮಂದಿ ಮಾಡಿದ್ರು."

ತಮಾಷೆಯಾಗಿ ಹೇಳಿದರೂ ಅದು ನಿಜ. ಅಮೃತಾ ಮೊರಬದ ಸರಕಾರಿ ಶಾಲೆಯಲ್ಲಿ ಓದಿ, ಮುಂದೆ ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದವಳು. ಅಪ್ಪ ಕಾಶಿನಾಥ ಹೆಸರುಕಾಳು, ಕಡಲೆ ಬೆಳೆಯುವ ರೈತ. ಮಗಳು ಬಿ.ಎಡ್. ಮಾಡುತ್ತಾಳೆ ಎಂದುಕೊಂಡಿದ್ದ. ಅವಳು ವಿಮಾನದ ವಿದ್ಯುತ್ತು ಮತ್ತು ಉಪಕರಣಗಳ ದುರಸ್ತಿ ಕಲಿತು, ಪರೀಕ್ಷೆ ಬರೆದು, ಲೈಸೆನ್ಸ್ ತೆಗೆದುಕೊಂಡಳು. ಕೆಲವು ವರ್ಷ ವಿಮಾನಗಳ ಹೊಟ್ಟೆಯಡಿ ಮಲಗಿ ಕೆಲಸ ಮಾಡಿದ ಮೇಲೆ ಹೈದರಾಬಾದಿನ ಒಂದು ಪೈಲಟ್ ತರಬೇತಿ ಕೇಂದ್ರ ಸೇರಿದಳು. ಒಂಬತ್ತು ವರ್ಷಗಳಿಂದ ಅಲ್ಲಿನ ಸಿಮ್ಯುಲೇಟರ್ ನೋಡಿಕೊಳ್ಳುವುದೇ ಅವಳ ಕೆಲಸ.

ಸಿಮ್ಯುಲೇಟರ್ ಎಂದರೆ ಆರು ಕಬ್ಬಿಣದ ಕಾಲುಗಳ ಮೇಲೆ ನಿಂತ ಒಂದು ಕೋಣೆ. ಒಳಗೆ ಕೂತರೆ ವಿಮಾನದ ಮುಂಭಾಗದಲ್ಲಿ ಕೂತ ಹಾಗೆಯೇ ಇರುತ್ತದೆ. ಹೊರಗೆ ನಿಂತು ನೋಡಿದರೆ ಕೋಣೆ ಅಲ್ಲಿಂದ ಒಂದು ಗೇಣೂ ಮುಂದೆ ಹೋಗುವುದಿಲ್ಲ. ಸುಮ್ಮನೆ ಹಿಂದಕ್ಕೆ ವಾಲುತ್ತದೆ, ಒಳಗಿದ್ದವರಿಗೆ ವಿಮಾನ ರನ್‌ವೇ ಮೇಲೆ ನುಗ್ಗುತ್ತಿದೆ ಅನ್ನಿಸುತ್ತದೆ. ಕಲಿಯುವ ಪೈಲಟ್‌ಗಳು ಅದರೊಳಗಿಂದ ಬೆವರಿಳಿಸಿಕೊಂಡು ಇಳಿದು ಬರುತ್ತಿದ್ದರು. "ನಾನು ಸೀದಾ ಹಾರಿಸುತ್ತಿದ್ದೆ, ಯಂತ್ರವೇ ವಾಲಿತು" ಎನ್ನುತ್ತಿದ್ದರು. ವಾಲಿದ್ದು ಯಂತ್ರವಲ್ಲ, ಅವರೇ ಎಂಬುದೂ, ಹಾಗೇಕೆ ಆಯಿತೆಂಬುದೂ ಸ್ಕ್ರೂ ಡ್ರೈವರ್ ಹಿಡಿದು ಬಾಜು ನಿಂತ ಅಮೃತಾಳಿಗೆ ಪೂರ್ತಿ ಗೊತ್ತಿತ್ತು. ಆದರೆ ತಂತ್ರಜ್ಞರು ಪೈಲಟ್‌ಗಳಿಗೆ ಪಾಠ ಹೇಳುವಂತಿರಲಿಲ್ಲ. ಒಂಬತ್ತು ವರ್ಷ ಬಾಯಿಗೆ ಬಂದ ಮಾತನ್ನು ನುಂಗಿದವಳಿಗೆ ಈಗ ಒಂದೇ ಆಸೆ, ಆ ಕೇಂದ್ರದ ಗ್ರೌಂಡ್ ಸ್ಕೂಲ್ ಬೋಧಕಿಯಾಗಬೇಕು.

ಜಾಗ ಖಾಲಿಯಿತ್ತು. ಓದು, ಲೈಸೆನ್ಸ್, ಅನುಭವ, ಪಾಠ ಮಾಡುವುದು ಹೇಗೆಂದು ಕಲಿಸುವ ಕೋರ್ಸು, ಯಾವುದಕ್ಕೂ ಕೊರತೆಯಿರಲಿಲ್ಲ. ಉಳಿದದ್ದು ಒಂದು ಮಾದರಿ ಪಾಠ ಮಾತ್ರ: ಮೂವರು ಪರೀಕ್ಷಕರು ಮತ್ತು ಒಂದು ತಂಡ ವಿದ್ಯಾರ್ಥಿಗಳ ಎದುರು ನಲವತ್ತು ನಿಮಿಷ. ಯುಗಾದಿಗೆ ಮುಂಚೆ ಅದು ಒಮ್ಮೆ ನಡೆದಿತ್ತು. ಅಮೃತಾ ಪರದೆಯ ಮೇಲೆ ಚಿತ್ರದ ಮೇಲೆ ಚಿತ್ರ ಹಾಕಿ, ಕೈಪಿಡಿಯಲ್ಲಿದ್ದ ಹಾಗೆಯೇ, ಒಂದು ಅಕ್ಷರವೂ ತಪ್ಪದಂತೆ ಹೇಳಿದಳು. ಹಿಂದಿನ ಸಾಲಿನಲ್ಲಿ ಇಬ್ಬರು ನಿದ್ದೆ ಹೋದರು. ಮುಂದಿನ ಸಾಲಿನಲ್ಲಿ ಒಬ್ಬ ಪರೀಕ್ಷಕರೂ ಹೋದರು. "ವಿಷಯ ಪೂರ್ತಿ ಸರಿ, ಪಾಠ ಆಗಲಿಲ್ಲ" ಎಂದು ತೀರ್ಪು ಬಂತು. ಇನ್ನೊಂದು ಅವಕಾಶ ಪಂಚಮಿ ಮುಗಿದ ಸೋಮವಾರ. ಅದೂ ತಪ್ಪಿದರೆ ಜಾಗ ಬೇರೆಯವರಿಗೆ.

ಗಂಡ ಹೇಮಂತ, "ಹಬ್ಬಕ್ಕ ಊರಿಗಿ ಹೋಗಿ ಬಾ, ಈ ಮನ್ಯಾಗ ಪ್ರೆಶರ್ ಕುಕ್ಕರಿಗೂ ನೀ ಪಾಠ ಮಾಡಾಕತ್ತೀದಿ" ಎಂದು ಬಸ್ಸು ಹತ್ತಿಸಿದ್ದ. ಹೀಗಾಗಿ ಪಾಠ ಕುಕ್ಕರಿನಿಂದ ಎಮ್ಮೆಗೆ ವರ್ಗವಾಗಿತ್ತು.

ಇತ್ತ ರೇವವ್ವ ಹಬ್ಬಕ್ಕೆ ಮೊದಲೇ ನಳದ ಕಟ್ಟೆಯ ಮೇಲೆ ಸುದ್ದಿ ಹಂಚಿದ್ದಳು: "ನಮ್ಮ ಅಮೃತಾ ಗ್ರೌಂಡ್ ಸಾಲಿ ಟೀಚರ್ ಆಗತಾಳ." ಮೊರಬದಲ್ಲಿ ಗ್ರೌಂಡ್ ಎಂಬ ಮಾತಿಗೆ ಇರುವುದು ಒಂದೇ ಅರ್ಥ. ಶಾಲೆಯ ಮುಂದಿನ ಬಯಲು, ಖೊಖೊ ಆಡುವ ಜಾಗ. ಗ್ರೌಂಡಿನಲ್ಲಿ ಕಲಿಸುವವರು ಎಂದರೆ ಸೀಟಿ ಊದುವ ಪಿ.ಟಿ. ಟೀಚರ್. ಊರು ಅದನ್ನು ಹಾಗೆಯೇ ತಿಳಿದುಕೊಂಡಿತು, ಮತ್ತು ಸ್ವಲ್ಪ ಮರುಗಿತು. ಎಪ್ಪತ್ತು ದಾಟಿದ ಎದುರುಮನೆಯ ಫಕೀರವ್ವ ಅಮೃತಾಳ ಗದ್ದ ಹಿಡಿದು ಸಮಾಧಾನ ಹೇಳಿದಳು: "ಇರಲಿ ತಗೋ. ಇಷ್ಟ ಓದಿದ ಮ್ಯಾಲೂ ಬಿಸಲಾಗ ನಿಲ್ಲೂದ ಬಂತು. ತಲಿ ಮ್ಯಾಲ ಸೆರಗ ಹೊತಗೊ, ಕಪ್ಪಾಗ್ತಿ."

ನಾಗಪ್ಪನಿಗೆ ಹಾಲೆರೆದು, ಶೇಂಗಾ ಉಂಡಿ, ಎಳ್ಳುಂಡಿ ಹಂಚಿ ಮುಗಿಯುವ ಹೊತ್ತಿಗೆ ಹೊಳೆಪ್ಪ ಬಂದ. ಹೊಳೆಪ್ಪ ಆ ಓಣಿಯ ಟ್ರ್ಯಾಕ್ಟರ್ ಮಾಲೀಕ. ಕಾಶಿನಾಥನಿಗೆ ದೂರದ ತಮ್ಮ. ಮಾತಾಡಿದರೆ ಮೂರು ಓಣಿಗೆ ಕೇಳುವ ದನಿ. ಅಮೃತಾಳ ಕೈಗೆ ಒಂದು ಸೀಟಿ ಇಟ್ಟ.

"ಗ್ರೌಂಡ್ ಮೇಡಂ, ಹೋಗೂಣು ಬರ್ರಿ. ಇವತ್ತಿನ ಪಂದ್ಯಕ್ಕ ನೀವ ಅಂಪೈರ್."

"ಕಾಕಾ, ನಾ ಆ ಗ್ರೌಂಡ್ ಮೇಡಂ ಅಲ್ರಿ."

"ಮತ್ತ ಯಾವ ಗ್ರೌಂಡ್? ನಮ್ಮೂರಾಗ ಇರೂದ ಒಂದ."

ಅಮೃತಾ ಕಟ್ಟೆಯ ಮೇಲೆ ಕೂತು ಮೊದಲಿಂದ ಹೇಳಿದಳು. ವಿಮಾನ ಮುಟ್ಟುವ ಮೊದಲು ನೆಲದ ಮೇಲೆ ಕೂತು ಕಲಿಯುವ ಶಾಲೆಗೆ ಗ್ರೌಂಡ್ ಸ್ಕೂಲ್ ಎನ್ನುತ್ತಾರೆ. ಎಂಜಿನ್ ಹೇಗೆ ನಡೆಯುತ್ತದೆ, ಹವಾಮಾನ ಏನು, ಯಾವ ಮುಳ್ಳು ಏನು ಹೇಳುತ್ತದೆ, ಎಲ್ಲ ಅಲ್ಲಿ.

"ಹಂಗಾರ ನೀ ರಿಪೇರಿ ಮಾಡೂ ಆ ಅಲುಗಾಡೂ ಡಬ್ಬಿ? ಅದ್ರಾಗ ನೀ ಕಲಸೂದಿಲ್ಲ?"

"ಸಿಮ್ಯುಲೇಟರ್‌ದಾಗ ಕಲಸಾಕ ಪೈಲಟ್ಟ ಆಗಬೇಕ್ರಿ ಕಾಕಾ. ಅದೇ ಜಾತಿ ವಿಮಾನ ಸಾವಿರಾರು ತಾಸು ಹಾರಿಸಿರಬೇಕು. ಮ್ಯಾಲ ಕಲಸೂ ಕೋರ್ಸ್ ಮಾಡಬೇಕು, ಅದಕ್ಕೊಂದು ಪರೀಕ್ಷಾ ಬ್ಯಾರೆ. ನನಗ ಅದು ಆಗೂದಿಲ್ಲ. ಗ್ರೌಂಡ್ ಸಾಲಿಗಿ ಹಂಗಿಲ್ಲ. ಹಾರಿಸಿದವರೂ ಆಗತಾರ, ನನ್ನಂಗ ರಿಪೇರಿ ಲೈಸೆನ್ಸ್ ಇದ್ದು ವರ್ಷಾನುಗಟ್ಟಲೆ ಕೈ ಹಚ್ಚಿದವರೂ ಆಗತಾರ. ಅವರವರ ವಿಷಯಕ್ಕ ಅವರವರು."

ಹೊಳೆಪ್ಪ ತಲೆ ಕೆರೆದುಕೊಂಡ. "ಎಲ್ಲಾರೂ ಕುಂತ ಕಲಿಯೂದಾದ್ರ ಅದಕ್ಕ ಗ್ರೌಂಡ್ ಯಾಕ ಬೇಕವಾ? ಒಂದು ಜಮಖಾನಿ ಸಾಕಲ್ಲ?"

ಅಮೃತಾ ಕಟ್ಟೆಯಿಂದ ಎದ್ದಳು. ಸೀಟಿಯನ್ನು ಕೊರಳಿಗೆ ಹಾಕಿಕೊಂಡಳು.

ಪಂಚಮಿಗೆ ಆ ಕಡೆಯ ಊರುಗಳಲ್ಲಿ ಹೆಂಗಸರು ಜೋಕಾಲಿ ಆಡುತ್ತಾರೆ, ಗಂಡಸರು ಪಂದ್ಯ ಕಟ್ಟುತ್ತಾರೆ. ನಿಂಬೆಹಣ್ಣು ಎಸೆಯುವುದು, ಹಿಂದುಮುಂದಾಗಿ ಓಡುವುದು, ತುಂಬಿದ ಚೀಲ ಹೊತ್ತು ಕಟ್ಟೆ ಹತ್ತುವುದು, ಹೀಗೆ ಯಾರ ತಲೆಗೆ ಏನು ಬರುತ್ತದೋ ಅದು. ಆ ವರ್ಷ ಹೊಳೆಪ್ಪ ಮತ್ತು ವೆಲ್ಡಿಂಗ್ ಅಂಗಡಿಯ ಬಾಷಾಸಾಬನ ನಡುವೆ ಮಾತಿಗೆ ಮಾತು ಬೆಳೆದು ಒಂದು ಪಂದ್ಯ ಹುಟ್ಟಿತ್ತು. ಗ್ರೌಂಡಿನ ಒಂದು ತುದಿಗೆ ಹನುಮಪ್ಪನ ಗುಡಿ. ಇನ್ನೊಂದು ತುದಿಗೆ ಶಾಲೆಯ ಧ್ವಜದ ಕಂಬ. ಹೊಳೆಪ್ಪ ಕಣ್ಣು ಕಟ್ಟಿಕೊಂಡು ಗುಡಿಯ ಕಟ್ಟೆಯಿಂದ ಸೀದಾ ನಡೆದು ಕಂಬ ಮುಟ್ಟಬೇಕು. ಮುಟ್ಟಿದರೆ ಬಾಷಾಸಾಬ ಐದು ಗಿಟಕ ಕೊಬ್ಬರಿ ಕೊಡಬೇಕು, ಇಲ್ಲವಾದರೆ ಹೊಳೆಪ್ಪ ಕೊಡಬೇಕು.

"ಈ ಗ್ರೌಂಡಿನ್ಯಾಗ ನಾ ಹುಟ್ಟಿದಾಗಿಂದ ಅಡ್ಡಾಡೇನಿ," ಎಂದ ಹೊಳೆಪ್ಪ, ಟವೆಲಿನಿಂದ ಕಣ್ಣು ಕಟ್ಟಿಸಿಕೊಳ್ಳುತ್ತ. "ನನ್ನ ಕಾಲಿಗಿ ಕಣ್ಣ ಅದಾವ."

"ಕಾಲಿಗೂ ಒಂದು ಟವೆಲ್ ಕಟ್ರಿ ಹಂಗಾರ," ಎಂದ ಬಾಷಾಸಾಬ.

ಅಮೃತಾ ಸೀಟಿ ಊದಿದಳು. ಹೊಳೆಪ್ಪ ಎದೆ ಸೆಟೆಸಿ ಹೊರಟ. ಶ್ರಾವಣದ ಜಿಟಿಮಳೆ ಎರಡು ದಿನ ಹಿಡಿದು ಅಂದು ಬಿಟ್ಟಿತ್ತು. ಎರೆ ಮಣ್ಣು ಮೆತ್ತಗಾಗಿ ಒಂದೊಂದು ಹೆಜ್ಜೆಯೂ ಅಚ್ಚು ಒತ್ತಿದಂತೆ ಮೂಡುತ್ತಿತ್ತು. ಹತ್ತು ಹನ್ನೆರಡು ಹೆಜ್ಜೆ ಸೀದಾ ಹೋದ. ಆಮೇಲೆ ಬಲಕ್ಕೆ ತುಸು ವಾಲಿದ. ಜನ ಉಸಿರು ಹಿಡಿದರು. ಇನ್ನೂ ತುಸು ವಾಲಿದ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಮಾತಾಡಿದವರಿಗೆ ದಂಡ ಎಂದು ಮೊದಲೇ ಒಪ್ಪಂದವಾಗಿತ್ತು. ಹೊಳೆಪ್ಪ ಮಾತ್ರ, ಮೆರವಣಿಗೆಯ ಮುಂದೆ ನಡೆಯುವವನ ಹಾಗೆ ಗತ್ತಿನಿಂದ, ದೊಡ್ಡದೊಂದು ಬಳೆ ಬರೆಯುತ್ತ ತಿರುಗಿ, ಹೊರಟ ಗುಡಿಯ ಕಡೆಗೇ ನಡೆದು ಬಂದ. ಗುಡಿಯ ಬಾಜು ಅವನದೇ ಟ್ರ್ಯಾಕ್ಟರ್ ನಿಂತಿತ್ತು. ಅದರ ಹೊಗೆಕೊಳವೆ ಕೈಗೆ ತಗುಲಿತು. ಎರಡೂ ಕೈಯಿಂದ ಅದನ್ನು ತಬ್ಬಿಕೊಂಡ.

"ಸಿಕ್ತಲೇ ಕಂಬ! ತಾ ಕೊಬ್ಬರಿ!"

ಟವೆಲ್ ಬಿಚ್ಚಿದ. ತನ್ನ ಟ್ರ್ಯಾಕ್ಟರನ್ನು ನೋಡಿದ. ಗುಡಿಯನ್ನು ನೋಡಿದ. ನೆರೆದವರನ್ನು ನೋಡಿದ. ನಂತರ ಗಂಭೀರವಾಗಿ ಹೇಳಿದ: "ಟ್ರ್ಯಾಕ್ಟರ್ ನೀವು ದಬ್ಬಿಕೊಂಡ ಬಂದೀರಿ, ಒಪ್ಪತೀನಿ. ಗುಡಿ ಹೆಂಗ ತಂದ್ರಿ?"

ಗ್ರೌಂಡು ನಕ್ಕು ನಕ್ಕು ನೆಲಕ್ಕೆ ಕೂತಿತು. ಫಕೀರವ್ವನಿಗೆ ನಗೆ ತಡೆಯಲಾಗದೆ ಕೆಮ್ಮು ಹತ್ತಿತು, ರೇವವ್ವ ಅವಳ ಬೆನ್ನು ತಟ್ಟುತ್ತ ತಾನೂ ನಕ್ಕಳು. ಹೊಳೆಪ್ಪ ಒಬ್ಬನೇ ನಗಲಿಲ್ಲ. "ಹನುಮಪ್ಪನ ಆಣಿ, ನಾ ಸೀದಾ ನಡದೇನಿ. ನನ್ನ ಮೈಗಿ ಗೊತ್ತಾಗೂದಿಲ್ಲೇನು?"

ಆ ಮಾತು ಕೇಳಿದ ಅಮೃತಾ ನಗುವುದನ್ನು ನಿಲ್ಲಿಸಿದಳು. ಒಂಬತ್ತು ವರ್ಷ ಆ ಯಂತ್ರದ ಬಾಗಿಲಲ್ಲಿ ಕೇಳಿದ ಮಾತೇ ಇದು. ಅಲ್ಲಿ ಇಂಗ್ಲಿಷಿನಲ್ಲಿ ಕೇಳಿದ್ದಳು, ಇಲ್ಲಿ ಕೊಬ್ಬರಿಯ ಲೆಕ್ಕದಲ್ಲಿ.

ಹೊಳೆಪ್ಪ ಸೋಲು ಒಪ್ಪುವವನಲ್ಲ. ಬಲಗಾಲಿಗೆ ಹೆಚ್ಚು ಮಣ್ಣು ಮೆತ್ತಿತ್ತು, ಅದೇ ಎಳೆಯಿತು ಎಂದ. ಅಮೃತಾ ಎರಡೂ ಕಾಲು ತೊಳೆಸಿ, ಮತ್ತೆ ಕಣ್ಣು ಕಟ್ಟಿ, ಈ ಸಲ ಶಾಲೆಯ ಮುಂದಿನ ಫರಸಿಗಲ್ಲಿನ ಮೇಲೆ ನಡೆಸಿದಳು. ಎಡಕ್ಕೆ ತಿರುಗಿ ಗೋಡೆ ಸೇರಿದ. ಗಾಳಿ ಇತ್ತು ಎಂದ. ಗಾಳಿ ನಿಂತ ಮೇಲೆ ನಡೆಸಿದಳು. ಮತ್ತೆ ವಾಲಿದ. ಬಾಷಾಸಾಬ "ಇಷ್ಟೂ ಬರೂದಿಲ್ಲೇನೋ ನಿನಗ?" ಎಂದು ತಾನೇ ಕಣ್ಣು ಕಟ್ಟಿಕೊಂಡು ಹೊರಟು, ಜೋಕಾಲಿಯ ಸರದಿಯಲ್ಲಿ ನಿಂತ ಹೆಂಗಸರ ನಡುವೆ ನುಗ್ಗಿ, ತನ್ನ ಹೆಂಡತಿ ರಜಿಯಾಬಿಯ ಕೈಯಿಂದಲೇ ಬೆನ್ನಿಗೊಂದು ತಿಂದ. "ಕಣ್ಣ ಕಟಗೊಂಡ ಬಂದ್ರ ಹೆಂಗಸರ ಕಡೇನ ಬರತೈತೇನ್ರಿ ನಿಮ್ಮ ಕಾಲು?" ಎಂದಳು ಅವಳು. ಅಲ್ಲಿಂದ ಊರೇ ಸಾಲು ಹಿಡಿಯಿತು. ಒಬ್ಬೊಬ್ಬರೂ ತಾನು ಮಾತ್ರ ಸೀದಾ ನಡೆಯುವೆ ಎಂದು ಹೊರಡುವುದು, ಒಬ್ಬೊಬ್ಬರೂ ಒಂದೊಂದು ಕಡೆ ಮುಗಿಯುವುದು. ಮೆತ್ತನೆಯ ಎರೆಯ ಮೇಲೆ ಊರಿನವರ ಹೆಜ್ಜೆಗಳು ಬಿಡಿಸಲಾಗದ ರಂಗೋಲಿಯಾದವು.

ಅಮೃತಾ ಸೀಟಿ ಊದಿದಳು. "ಎಲ್ಲಾರೂ ಬೇವಿನ ಗಿಡದ ಕಡೆ ನಡೀರಿ. ಯಾರದೂ ತಪ್ಪಿಲ್ಲ. ಯಾಕಂತ ತೋರಿಸ್ತೀನಿ."

ಬೇವಿನ ಮರಕ್ಕೆ ಹಗ್ಗದ ಜೋಕಾಲಿ ಕಟ್ಟಿದ್ದರು, ಕೂರಲು ಹಲಗೆ ಇತ್ತು. ಹಲಗೆಯನ್ನು ಸುತ್ತಿಸಿ ಹಗ್ಗಕ್ಕೆ ಹುರಿ ಹಾಕಿದಳು. ಕಣ್ಣು ಮುಚ್ಚಿಕೊಂಡು ಕೂರುವವರು ಬೇಕು ಎಂದಳು. ಎಲ್ಲರಿಗಿಂತ ಮೊದಲು ಫಕೀರವ್ವ ಬಂದಳು.

"ಬ್ಯಾಡ ಆಯಿ, ತಲಿ ತಿರಗತೈತಿ."

"ತಿರಗಲಿ ಬಿಡ ಬೇ. ಇಷ್ಟ ವರ್ಷ ನೆಟ್ಟಗ ಇಟಗೊಂಡೇನಿ, ಏನ ಕೊಟ್ರು?"

ಕೂತಳು. ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಅಮೃತಾ ಹಲಗೆ ಹಿಡಿದು, ಹುರಿ ಬಿಚ್ಚುವ ವೇಗವನ್ನು ಕೈಯಲ್ಲೇ ತಡೆಯುತ್ತ, ಒಂದೇ ಸಮನೆ ನಿಧಾನಕ್ಕೆ ಎಡಕ್ಕೆ ತಿರುಗಿಸಿದಳು.

"ಎತ್ತಾಗ ತಿರಗಾಕತ್ತೈತಿ ಆಯಿ?"

"ಎಡಕ್ಕ."

ಇನ್ನೂ ಕೆಲವು ಸುತ್ತು. "ಈಗ?"

"ಈಗ ನಿಂತತು."

ನಿಂತಿರಲಿಲ್ಲ. ಮೊದಲಿನಷ್ಟೇ ವೇಗದಲ್ಲಿ ತಿರುಗುತ್ತಿತ್ತು. ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಅಮೃತಾ ತುಟಿಗೆ ಬೆರಳಿಟ್ಟು ಸುಮ್ಮನಿರಿಸಿ, ಹಲಗೆಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದಳು.

"ಯವ್ವಾ! ಈಗ ಬಲಕ್ಕ ತಿರಗಾಕತ್ತತು! ಹಿಡೀರಿ, ನಿಲ್ಲಸ್ರಿ!"

"ನಿಂತೈತಿ ಆಯಿ."

"ಸುಳ್ಳ ಹೇಳಬ್ಯಾಡ! ಗರಗರ ತಿರಗಾಕತ್ತೈತಿ! ನಿಲ್ಲಸ ಬೇ ಅಮೃತಾ!"

ಸೆರಗು ಸರಿಸಿ ನೋಡಿದಳು. ಬೇವಿನ ಮರ, ಶಾಲೆ, ಜನ ಎಲ್ಲ ಇದ್ದಲ್ಲೇ ಇತ್ತು. ಫಕೀರವ್ವ ಮಗುವಿನ ಹಾಗೆ ಕಿಲಕಿಲ ನಕ್ಕಳು. "ಇನ್ನೊಮ್ಮೆ ತಿರಗಸ."

ಆ ಮಧ್ಯಾಹ್ನ ಅಷ್ಟರ ಮೇಲೆ ಯಾರೂ ಜೋಕಾಲಿಯನ್ನು ಜೋಕಾಲಿಯಂತೆ ಆಡಲಿಲ್ಲ. ರಜಿಯಾಬಿ ಕೂತು, ನಿಂತ ಹಲಗೆಯ ಮೇಲೆ "ಬಿದ್ದೆ, ಬಿದ್ದೆ" ಎಂದು ಕೂಗಿದಳು. ರೇವವ್ವ ಕೂತು, ಇಳಿಯುವಾಗ ಮಗಳ ಬದಲು ಮರವನ್ನು ತಬ್ಬಿ "ಅಮೃತಾ, ಯಾಕಿಷ್ಟ ಬಿರುಸಾಗಿಯವಾ?" ಎಂದಳು. ಹೊಳೆಪ್ಪ ಕೂತು ಇಳಿದವನು ಸೀದಾ ನಡೆಯಲು ಹೋಗಿ ಅಳ್ಳಿನ ಬುಟ್ಟಿಯಲ್ಲಿ ಕೂತ. ಜೋಳದ ಅಳ್ಳು ಅವನ ಸುತ್ತ ಅಕ್ಷತೆಯಂತೆ ಹಾರಿತು. ನಗುವಿಗೆ ಎಲ್ಲರ ಪಕ್ಕೆ ಹಿಡಿದಿದ್ದವು. ಹೊಸ ಸೀರೆಗಳಿಗೆ ಮಣ್ಣಾಗಿತ್ತು. ಮನೆಗೆ ಹೋಗಬೇಕೆಂದು ಯಾರೂ ಅನ್ನಲಿಲ್ಲ.

ಕೊನೆಗೆ ಫಕೀರವ್ವನೇ ಕೇಳಿದಳು. "ಅಲ್ಲಬೇ, ಮೈಗಿ ಯಾಕ ಹಿಂಗ ಆಗತೈತಿ?"

ಅಮೃತಾಳ ಬಾಯಿಗೆ ಮೊದಲು ಬಂದದ್ದು ಕೈಪಿಡಿಯ ವಾಕ್ಯ. ಅದನ್ನು ನುಂಗಿದಳು. ಒಂದು ಗಾಜಿನ ಲೋಟ ತರಿಸಿದಳು. ಹಲಗೆಯ ಒಂದು ತುದಿಯಲ್ಲಿ ಹಸಿ ಎರೆ ಮಣ್ಣಿನ ಮುದ್ದೆ ಒತ್ತಿ, ಅದರಲ್ಲಿ ಲೋಟವನ್ನು ಅಲುಗದಂತೆ ಕೂರಿಸಿ, ಅರ್ಧ ನೀರು ಹಾಕಿದಳು. ಬಾಜು ರಜಿಯಾಬಿಯನ್ನು ಕೂರಿಸಿ ಈ ಸಲ ಜೋಕಾಲಿಯನ್ನು ಮುಂದಕ್ಕೂ ಹಿಂದಕ್ಕೂ ಜೀಕಿಸಿದಳು.

"ಜೋಕಾಲಿ ಮ್ಯಾಲ ಹೋದಾಗ ಹಲಗಿ ವಾಲತೈತಿ, ಹೌದಿಲ್ಲೋ? ನೀರು ಏನ ಮಾಡತೈತಿ ನೋಡ್ರಿ."

ಎಲ್ಲರೂ ಬಗ್ಗಿ ನೋಡಿದರು. ನೀರು ಚೆಲ್ಲಲಿಲ್ಲ. ಜೋಕಾಲಿ ಎಷ್ಟು ವಾಲಿದರೂ ನೀರು ಹಲಗೆಗೆ ಸಮನಾಗಿಯೇ ನಿಂತಿತ್ತು, ನೆಲಕ್ಕೆ ಸಮನಾಗಿ ಅಲ್ಲ.

"ನೀರಿಗಿ ಜೋಕಾಲಿ ವಾಲಿದ್ದ ಗೊತ್ತಾಗಿಲ್ಲ," ಎಂದಳು ಅಮೃತಾ. "ಅದು ನೆಟ್ಟಗ ಕುಂತೇನಿ ಅಂತ ತಿಳದೈತಿ. ನಮ್ಮ ಕಿವಿ ಒಳಗೂ ಇಂಥಾ ನೀರ ಐತಿ. ನಾವು ನೆಟ್ಟಗ ಅದೀವೋ, ವಾಲೇವೋ, ತಿರಗಾಕತ್ತೇವೋ ಅಂತ ಹೇಳೂದ ಅದು. ಒಂದ ಸಮ ತಿರಗಿದ್ರ ಆ ನೀರೂ ಜೋಡಿ ತಿರಗಿ ನಿಂತಂಗ ಅನಸತೈತಿ, ಹಲಗಿ ನಿಂತ್ರ ನೀರು ಇನ್ನೂ ಓಡಿ ಉಲ್ಟಾ ತಿರಗಿದಂಗ ಅನಸತೈತಿ. ಕಣ್ಣ ತಗದಿದ್ರ ಕಣ್ಣು ಅದನ್ನ ತಿದ್ದತೈತಿ. ಕಣ್ಣ ಕಟ್ಟಿದ್ರ ತಿದ್ದವರು ಯಾರು?"

"ಹಂಗಾರ ನನ್ನ ಕಿವ್ಯಾಗಿನ ನೀರು ಸುಳ್ಳ ಹೇಳತೈತಿ?"

"ಸುಳ್ಳಲ್ಲ ಆಯಿ. ತನಗ ಗೊತ್ತಿದ್ದಷ್ಟು ಹೇಳತೈತಿ. ಅಗದಿ ಧೈರ್ಯದಿಂದ ಹೇಳತೈತಿ."

"ನಮ್ಮ ಹೊಳೆಪ್ಪನಂಗ," ಎಂದಳು ಫಕೀರವ್ವ.

ನಗು ಅಡಗಿದ ಮೇಲೆ ಹೊಳೆಪ್ಪ, ಕೂದಲಿನಿಂದ ಅಳ್ಳು ಕೊಡವಿಕೊಳ್ಳುತ್ತ, ಈ ಸಲ ಸಣ್ಣ ದನಿಯಲ್ಲಿ ಕೇಳಿದ: "ಮ್ವಾಡದಾಗ ಹೊಕ್ಕ ಪೈಲಟ್ಟಗೂ ಹಿಂಗ ಆಗತೈತಿ?"

"ಅವರಿಗಿ ಕಣ್ಣ ಕಟ್ಟಿದಂಗ ಕಾಕಾ. ಹೊರಗ ಎಲ್ಲಾ ಬೆಳ್ಳಗ. ನೆಲ ಕಾಣೂದಿಲ್ಲ. ವಿಮಾನ ವಾಲಿರತೈತಿ, ಮೈ ನೆಟ್ಟಗೈತಿ ಅಂತೈತಿ."

"ಮತ್ತ ಹೆಂಗ ಬರತಾರ ಹೊರಗ?"

"ಎದುರಿಗಿ ಒಂದು ಗುಂಡನ ಯಂತ್ರ ಇರತೈತಿ. ಅದ್ರಾಗ ಒಂದು ಗೀಟು. ಗೀಟಿನ ಮ್ಯಾಲ ಆಕಾಶ, ಕೆಳಗ ನೆಲ. ಮೈ ಎಷ್ಟ ಒದರಿದ್ರೂ ಅದನ್ನ ನೋಡಿ ಹಾರಸಬೇಕು. ಮೈ ಮಾತ ಬಿಟ್ಟು ಗೀಟಿನ ಮಾತ ಕೇಳೂದ ಭಾಳ ತ್ರಾಸು. ಕಲಸೂದ ಅದನ್ನ."

ಹೊಳೆಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ನಂಗ ಒಂದು ಗೀಟ ಇದ್ದಿದ್ರ ಕೊಬ್ಬರಿ ಉಳೀತಿತ್ತು," ಎಂದು ಎದ್ದು, ಬಾಷಾಸಾಬನಿಗೆ ಐದು ಗಿಟಕ ಎಣಿಸಿ ಕೊಟ್ಟ.

ಆಗ ಅಮೃತಾಳಿಗೆ ತಾನು ಎಷ್ಟು ಹೊತ್ತಿನಿಂದ ಮಾತಾಡುತ್ತಿದ್ದೇನೆಂದು ಅರಿವಾಯಿತು. ಯಾರೂ ನಿದ್ದೆ ಹೋಗಿರಲಿಲ್ಲ. ಹೋದ ಸಲ ಅವಳು ಶುರು ಮಾಡಿದ್ದೇ ಆ ಗುಂಡನೆಯ ಯಂತ್ರದಿಂದ. ಯಂತ್ರ ಏಕೆ ಬೇಕೆಂದು ಗೊತ್ತಿಲ್ಲದವರಿಗೆ ಅದರ ಹಲ್ಲು, ತಂತಿ, ತಿರುಗುವ ಚಕ್ರ ಎಲ್ಲ ವಿವರಿಸಿದ್ದಳು. ಇಲ್ಲಿ ಎಲ್ಲರೂ ಮೊದಲು ತಪ್ಪಿದ್ದರು, ಮನಸಾರೆ ನಕ್ಕಿದ್ದರು. ಯಂತ್ರದ ಮಾತನ್ನು ಅವರೇ ಕೇಳಿ ತೆಗೆಸಿದ್ದರು. ರೇವವ್ವ ಇನ್ನೂ ಮರ ಹಿಡಿದೇ ನಿಂತಿದ್ದಳು. ಅಮೃತಾ ಓಡಿ ಹೋಗಿ ಅವ್ವನನ್ನು ತಬ್ಬಿದಳು, ಇಬ್ಬರೂ ತೂಕ ತಪ್ಪಿ ಎರೆಯಲ್ಲಿ ಕೂತರು.

ಸೋಮವಾರ ಹೈದರಾಬಾದಿನ ಕೇಂದ್ರದಲ್ಲಿ ಅವಳು ಪರದೆ ಹಚ್ಚಲಿಲ್ಲ. ಕೋಣೆಯ ಮಧ್ಯಕ್ಕೆ ಒಂದು ತಿರುಗುವ ಕುರ್ಚಿ ತಂದಿಟ್ಟಳು. ಪರೀಕ್ಷಕರಲ್ಲಿ ಹಿರಿಯರ ಮುಂದೆ ನಿಂತು, ದಯವಿಟ್ಟು ಬನ್ನಿ ಎಂದಳು. ಅವರು ನಿವೃತ್ತ ಕ್ಯಾಪ್ಟನ್. ಬಿಳಿ ಮೀಸೆ, ಎದೆಗೆ ಕಟ್ಟಿದ ಕೈ. ಹೋದ ಸಲ ಮುಂದಿನ ಸಾಲಿನಲ್ಲಿ ನಿದ್ದೆ ಹೋಗಿದ್ದವರು ಇವರೇ.

"ಇದು ನನಗೆ ಗೊತ್ತು," ಎಂದರು ಅವರು.

"ಗೊತ್ತಿರುವವರೇ ಬೇಕು ಸರ್," ಎಂದಳು ಅಮೃತಾ.

ಕ್ಯಾಪ್ಟನ್ ಕೂತು ಕಣ್ಣು ಮುಚ್ಚಿ, ತಿರುಗುವ ದಿಕ್ಕಿಗೆ ಹೆಬ್ಬೆರಳು ತೋರಿಸುತ್ತೇನೆ ಎಂದು ಒಪ್ಪಿದರು. ಅವಳು ಒಂದೇ ಸಮನೆ ಎಡಕ್ಕೆ ತಿರುಗಿಸಿದಳು. ಹೆಬ್ಬೆರಳು ಎಡಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ, ಕುರ್ಚಿ ಇನ್ನೂ ತಿರುಗುತ್ತಿರುವಾಗಲೇ, ಬೆರಳು ನೆಟ್ಟಗಾಯಿತು. ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ತಿವಿದುಕೊಂಡರು. ಅವಳು ಕುರ್ಚಿ ನಿಲ್ಲಿಸಿದಳು. ಅಲುಗದ ಕುರ್ಚಿಯ ಮೇಲೆ ಕೂತ ಕ್ಯಾಪ್ಟನ್, ಪೂರ್ತಿ ವಿಶ್ವಾಸದಿಂದ, ಹೆಬ್ಬೆರಳನ್ನು ಬಲಕ್ಕೆ ಚಾಚಿ ಅಲ್ಲೇ ಹಿಡಿದರು. ಕೋಣೆ ಮೊದಲು ತಡೆದು ನೋಡಿತು, ಆಮೇಲೆ ಒಡೆದು ನಕ್ಕಿತು.

ಅವರು ಕಣ್ಣು ತೆರೆದರು. ತಮ್ಮ ಬೆರಳನ್ನು ನೋಡಿದರು. ಎಲ್ಲ ನಗುವೂ ಒಮ್ಮೆಲೇ ನಿಂತಿತು.

"ಮೂವತ್ತು ವರ್ಷದಿಂದ ನನಗೆ ಇದು ಗೊತ್ತಿದೆ," ಎಂದರು ಕ್ಯಾಪ್ಟನ್ ನಿಧಾನಕ್ಕೆ. "ನನ್ನ ಕಿವಿಗೆ ಮಾತ್ರ ಯಾರೂ ಹೇಳಿಲ್ಲ." ಆಮೇಲೆ ಮೀಸೆಯ ಕೆಳಗೆ ನಗು ಹರಡಿತು. "ಇನ್ನೊಮ್ಮೆ ತಿರುಗಿಸಿ."

ಎರಡನೆಯ ಪರೀಕ್ಷಕರು ತಮ್ಮ ಸರದಿ ಯಾವಾಗ ಎಂದು ಕೇಳಿದರು. ಮೂರನೆಯವರು ಕೇಳದೆ ಎದ್ದು ಬಂದರು. ವಿದ್ಯಾರ್ಥಿಗಳು ಕುರ್ಚಿಯಿಂದ ಎದ್ದು ನೆಟ್ಟಗೆ ನಡೆಯಲು ಹೋಗಿ ಮೇಜುಗಳನ್ನು ಹಿಡಿದುಕೊಂಡರು. "ಹಾಗಾದರೆ ಯಾವುದನ್ನು ನಂಬಬೇಕು?" ಎಂದು ಅವರಲ್ಲೊಬ್ಬ ಕೇಳಿದ ಮೇಲೆಯೇ ಅಮೃತಾ ಆ ಗುಂಡನೆಯ ಉಪಕರಣವನ್ನು ಹೊರತೆಗೆದದ್ದು. ಅದರ ಹಲ್ಲು, ತಂತಿ, ಚಕ್ರ ಎಲ್ಲವನ್ನೂ ಹೋದ ಸಲದಷ್ಟೇ ಕರಾರುವಾಕ್ಕಾಗಿ ಹೇಳಿದಳು. ಈ ಸಲ ಅವರು ಬರೆದುಕೊಂಡರು. ನಲವತ್ತು ನಿಮಿಷ ಯಾವಾಗ ದಾಟಿತೋ ಯಾರೂ ನೋಡಲಿಲ್ಲ.

ವಿದ್ಯಾರ್ಥಿಗಳನ್ನು ಹೊರಗೆ ಕಳಿಸಿ ಮೂವರೂ ಐದು ನಿಮಿಷ ಮಾತಾಡಿಕೊಂಡರು. ಮುಂದಿನ ತಿಂಗಳ ತಂಡವನ್ನು ನೀವು ತೆಗೆದುಕೊಳ್ಳುತ್ತೀರಿ ಎಂದು ಕ್ಯಾಪ್ಟನ್ ಹೇಳಿದಾಗ ಅಮೃತಾಳಿಗೆ ನಿಂತ ನೆಲವೇ ಬಲಕ್ಕೆ ತಿರುಗಿದಂತಾಯಿತು. ಮೇಜು ಹಿಡಿದುಕೊಂಡು ಜೋರಾಗಿ ನಕ್ಕುಬಿಟ್ಟಳು. ಪರೀಕ್ಷಕರೂ, ಏಕೆಂದು ಗೊತ್ತಿಲ್ಲದೆ, ನಕ್ಕರು.

ಅವಳು ಬಾಗಿಲ ಬಳಿ ಹೋದಾಗ ಕ್ಯಾಪ್ಟನ್ ಹಿಂದಿನಿಂದ ಇಂಗ್ಲಿಷಿನಲ್ಲಿ ಕೇಳಿದರು, ಇದಕ್ಕೂ ಮೊದಲು ಈ ಪಾಠವನ್ನು ಎಷ್ಟು ಜನರಿಗೆ ಮಾಡಿದ್ದೀರಿ ಎಂದು. ಸುಮ್ಮನೆ ಕೇಳಿದ್ದು, ಯಾರಿಗೂ ಮಾಡಿಲ್ಲ ಎಂದರೂ ನಡೆಯುತ್ತಿತ್ತು. ಅಮೃತಾ ನಿಂತಳು. ಜೋಕಾಲಿ ಹತ್ತಿದವರನ್ನು ಒಬ್ಬೊಬ್ಬರಾಗಿ ನೆನೆದು, ಎರಡು ಸಲ ಕೂತವರನ್ನು ಒಮ್ಮೆಯೇ ಹಿಡಿದು, ಕೂರದೆ ಬರೀ ನಕ್ಕವರನ್ನು ಬಿಟ್ಟು ಲೆಕ್ಕ ಹಾಕಿದಳು. ಆಮೇಲೆ, ಇಂಗ್ಲಿಷಿನಲ್ಲೇ ಹೇಳುತ್ತಿದ್ದೇನೆಂದು ತಿಳಿದು, ಸ್ಪಷ್ಟವಾಗಿ ಉತ್ತರಿಸಿದಳು:

"ಫಾರ್ಟಿ ವನ್ ರಿ."